ದೋಣಿ ಕಾಯುತ್ತ ಕಲಿತ ಹರಟೆ

2023ರ ಮೇ 13, ಶನಿವಾರ. ಉತ್ತರ ಕನ್ನಡ ಜಿಲ್ಲೆಯ ಆರೂ ವಿಧಾನಸಭಾ ಕ್ಷೇತ್ರಗಳ ಮತ ಎಣಿಕೆ ಕುಮಟೆಯ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ. ಕುಮಟಾ ಕ್ಷೇತ್ರದಲ್ಲಿ ಬಿಜೆಪಿಯ ದಿನಕರ ಶೆಟ್ಟಿ ಮತ್ತು ಜೆಡಿಎಸ್‌ನ ಸೂರಜ್ ನಾಯ್ಕ ಸೋನಿ ನಡುವೆ ಹಗ್ಗಜಗ್ಗಾಟ. ಎಲ್ಲ ಮುಗಿದಾಗ ದಿನಕರ ಶೆಟ್ಟಿ ಗೆದ್ದ ಅಂತರ 676 ಮತ. ಪಕ್ಕದ ಭಟ್ಕಳದಲ್ಲಿ ಕಾಂಗ್ರೆಸ್ಸಿನ ಮಂಕಾಳ ವೈದ್ಯ ಗೆದ್ದರು. ಮರುದಿನ ಭಾನುವಾರ ಜೈಪುರದಲ್ಲಿ ಆರ್‌ಸಿಬಿ ತಂಡ ರಾಜಸ್ಥಾನ ರಾಯಲ್ಸ್ ತಂಡವನ್ನು 59 ರನ್ನಿಗೆ ಆಲೌಟ್ ಮಾಡಿ 112 ರನ್ನುಗಳಿಂದ ಗೆದ್ದಿತು. ಇದರ ಜೊತೆಗೆ ಅದು ಕರಿ ಈಶಾಡು ಮಾವಿನ ಕಾಲ, ಮಳೆಗಾಲಕ್ಕೆ ಸೌದೆ, ಒಣಮೀನು ಕೂಡಿಡುವ ಕಾಲ.

ಅಘನಾಶಿನಿ ನದಿ ತೀರದ ಗೆಳೆಯರ ವಾಟ್ಸ್ಆ್ಯಪ್ ಗ್ರೂಪುಗಳಿಗೆ ಇಂಥ ವಾರ ಹಬ್ಬವಿದ್ದಂತೆ. ಬೆಂಗಳೂರಿನಲ್ಲಿ ಕೆಲಸ ಮಾಡುವವನಿಗೆ ತನ್ನೂರಿನ ಬೂತಿನ ಲೆಕ್ಕ ಬೇಕು. ದುಬೈನಲ್ಲಿರುವ ಭಟ್ಕಳದವನಿಗೆ ಪೇಟೆಯಲ್ಲಿ ಪಟಾಕಿ ಹೊಡೆದರೋ ಇಲ್ಲವೋ ತಿಳಿಯಬೇಕು. ಮುಂಬೈಯಲ್ಲಿರುವ ಅಕ್ಕನಿಗೆ ಈಶಾಡು ಡಜನ್ನಿಗೆ ಎಷ್ಟಾಯಿತು ಎಂಬ ಚಿಂತೆ. ಚುನಾವಣೆಯ ಪ್ರಶ್ನೆಗೆ ಮಾವಿನ ಹಣ್ಣಿನ ಉತ್ತರ ಬರುತ್ತದೆ, ಮಾವಿನ ಮಾತಿನ ನಡುವೆ ಕೊಹ್ಲಿ ಬರುತ್ತಾನೆ, ಕಡೆಗೆ ಎಲ್ಲರೂ ಸೇರಿ ‘ಮಳೆ ಯಾವಾಗ ಮಾರಾಯಾ?’ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಇದನ್ನು ಕಾಲಹರಣ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಈ ಹರಟೆ ಫೋನಿನ ಜೊತೆಗೆ ಹುಟ್ಟಿದ್ದಲ್ಲ. ಇದಕ್ಕೆ ಹಿಂದಿನಿಂದ ಬಂದ ದಾರಿಯೊಂದಿದೆ. ಆ ದಾರಿ ಗೊತ್ತಾದರೆ, ಇದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದೂ ಗೊತ್ತಾಗುತ್ತದೆ.

ತಾರಿಯ ದಂಡೆಯಲ್ಲಿ

ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ಅಣೆಕಟ್ಟಿಗೆ ಸಿಗದೆ ಹರಿದುಬರುವ ಅಘನಾಶಿನಿ ಕಡಲು ಸೇರುವಲ್ಲಿ ಎರಡು ಊರುಗಳು ಎದುರುಬದುರು ನಿಂತಿವೆ. ತೆಂಕಣ ದಂಡೆಯಲ್ಲಿ ನದಿಯದೇ ಹೆಸರಿನ ಅಘನಾಶಿನಿ, ಬಡಗಣ ದಂಡೆಯಲ್ಲಿ ತದಡಿ. ಕೂಗಿದರೆ ಕೇಳಿಸೀತು ಅನ್ನಿಸುವಷ್ಟು ಹತ್ತಿರ. ಆದರೆ ರಸ್ತೆ ಹಿಡಿದರೆ ಕುಮಟೆ, ಮಿರ್ಜಾನ ಎಂದು ದೊಡ್ಡ ಸುತ್ತು. ಹಾಗಾಗಿ ತಾರಿ ದೋಣಿಯೇ ಇಲ್ಲಿಯ ದಾರಿಯಾಯಿತು.

ದೋಣಿ ಒಬ್ಬರಿಗಾಗಿ ಬಿಡುವುದಿಲ್ಲ, ನಾಲ್ಕು ಜನ ಸೇರಬೇಕು. ಮೀನಿನ ಬುಟ್ಟಿಯ ಹೆಂಗಸರು, ಶಾಲೆಗೆ ಹೊರಟ ಮಾಸ್ತರರು, ಗೋಕರ್ಣಕ್ಕೆ ಹೋಗುವ ಭಟ್ಟರು, ಇಳಿತದಲ್ಲಿ ಬಳಚು ಆರಿಸಲು ಹೊರಟವರು, ಉಪ್ಪುನೀರಿನ ಗಜನಿ ಗದ್ದೆಯ ಕೆಲಸಕ್ಕೆ ಹೋಗುವವರು. ಇವರ ಜಾತಿ ಬೇರೆ, ಮನೆಮಾತು ಬೇರೆ, ಓಟು ಹಾಕುವ ಪಕ್ಷ ಬೇರೆ. ಕೊಂಕಣಿ, ಹವ್ಯಕ ಕನ್ನಡ, ಹಾಲಕ್ಕಿಗಳ ಕನ್ನಡ, ನಾಡವರ, ನಾಮಧಾರಿಗಳ ಮಾತು ಎಲ್ಲವೂ ಒಂದೇ ಹಲಗೆಯ ಮೇಲೆ ಕೂರಬೇಕು. ಮಾತು ಬಿಸಿಯಾಯಿತೆಂದು ನಡುನೀರಿನಲ್ಲಿ ಯಾರೂ ಇಳಿದು ಹೋಗುವ ಹಾಗಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಅದೇ ದೋಣಿ, ಅದೇ ಜನ. ಹೀಗಾಗಿ ಇಲ್ಲಿಯ ಹರಟೆಗೆ ಒಂದು ಹದ ಬಂತು: ಕಾಲೆಳೆಯಬಹುದು, ಕೆಣಕಬಹುದು, ಆದರೆ ಮರುದಿನ ಮುಖ ತೋರಿಸಲಾಗದಷ್ಟು ಆಡುವಂತಿಲ್ಲ.

ಈ ಹದವನ್ನು ಕಲಿಸಿದ ಇನ್ನೊಂದು ಶಾಲೆ ತಾಳಮದ್ದಳೆ. ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆ ಯಕ್ಷಗಾನ ಮೇಳಕ್ಕೆ 1934ರಷ್ಟು ಹಿಂದಿನ ಚರಿತ್ರೆಯಿದೆ. ಕೆರೆಮನೆಯವರ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಈ ಸೀಮೆಯಲ್ಲಿ ವೇಷವಿಲ್ಲದೆ, ಬರೆದಿಟ್ಟ ಮಾತಿಲ್ಲದೆ ಬರಿಯ ವಾದದಿಂದ ರಾತ್ರಿ ಕಳೆಯುವ ಕಲೆಗೂ ಜನ ಮುಗಿಬೀಳುತ್ತಿದ್ದರು. ಎದುರಾಳಿಯ ಪಾತ್ರ ಎಷ್ಟು ಬಲವಾಗಿ ಮಾತಾಡಿದರೆ ತನ್ನ ಪಾತ್ರ ಅಷ್ಟು ಬೆಳೆಯುತ್ತದೆ ಎಂಬುದು ಒಳ್ಳೆಯ ಅರ್ಥಧಾರಿಗೆ ಗೊತ್ತಿರುತ್ತದೆ. ಕೇಳುವವರಿಗೂ ಅದರ ರುಚಿ ಹತ್ತಿತು.

ಅಂಗಡಿ ಕಟ್ಟೆ, ಪೇಪರು, ರೇಡಿಯೊ

ದಂಡೆಯಿಂದ ಮೇಲೆ ಬಂದರೆ ಅಂಗಡಿ ಕಟ್ಟೆ. ಅಲ್ಲಿ ಕವಳದ ಸಂಚಿ ಬಿಚ್ಚದ ಹೊರತು ಮಾತು ಶುರುವಾಗುತ್ತಿರಲಿಲ್ಲ. ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು ಮಡಿಸಿ ಪಕ್ಕದವನಿಗೆ ಸಂಚಿ ದಾಟಿಸುವಷ್ಟರಲ್ಲಿ ‘ಎಂತ ಸುದ್ದಿ?’ ಎಂಬ ಪ್ರಶ್ನೆ ಬಿದ್ದಿರುತ್ತಿತ್ತು. ಪೇಪರು ಬರುವುದು ಒಂದೇ. ಒಬ್ಬ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಸಾಲು ಸಾಲಿಗೂ ಷರಾ ಬರೆಯುತ್ತಿದ್ದರು.

ಈ ಕಟ್ಟೆಗಳ ನಾಡಿಮಿಡಿತ ಚೆನ್ನಾಗಿ ಬಲ್ಲವರು ದಿನಕರ ದೇಸಾಯಿ. ಅಂಕೋಲೆಯ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಮೂಲಕ ಜಿಲ್ಲೆಗೆ ಶಾಲೆ ಕಾಲೇಜು ಕಟ್ಟಿಕೊಟ್ಟವರು, ‘ಜನಸೇವಕ’ ವಾರಪತ್ರಿಕೆ ನಡೆಸಿದವರು, 1967ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದವರು. ರಾಜಕಾರಣ, ಬೆಲೆಯೇರಿಕೆ, ನೆರೆಮನೆಯ ಸಂಗತಿ ಏನೇ ಇರಲಿ, ನಾಲ್ಕು ಸಾಲಿನ ಚುಟುಕದಲ್ಲಿ ಹೇಳಿ ಮುಗಿಸುತ್ತಿದ್ದರು. ಅವು ಬಾಯಿಪಾಠವಾಗಿ ಊರಿಂದೂರಿಗೆ ದಾಟುತ್ತಿದ್ದವು. ಚಿಕ್ಕದಾಗಿ, ಚುರುಕಾಗಿ, ನೋಯಿಸಿದರೂ ಮುರಿಯದ ಹಾಗೆ ಮಾತಾಡುವುದಕ್ಕೆ ಈ ಜಿಲ್ಲೆಯ ಜನರಿಗೆ ಅವು ಒಂದು ಮಾದರಿ.

1983ರ ಜೂನ್ 25ರಂದು ಕಪಿಲ್ ದೇವ್ ತಂಡ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಗೆದ್ದಾಗ ಇಲ್ಲಿಯ ಹೆಚ್ಚಿನ ಮನೆಗಳಲ್ಲಿ ಟಿವಿ ಇರಲಿಲ್ಲ. ಕ್ರಿಕೆಟ್ ಎಂದರೆ ಕಾಮೆಂಟರಿ, ಕಾಮೆಂಟರಿ ಎಂದರೆ ರೇಡಿಯೊ ಸುತ್ತ ಕೂತ ಗುಂಪು. ಕಣ್ಣಿಗೆ ಕಾಣದ ಆಟವನ್ನು ಮಾತಿನಲ್ಲೇ ಕಟ್ಟಿಕೊಳ್ಳುವ ಅಭ್ಯಾಸ ಅಲ್ಲಿ ಬೆಳೆಯಿತು. ಕಟ್ಟೆಯಲ್ಲಿ ಆಟದ ಜೊತೆಗೆ ಗಟ್ಟಿ ವಾದವೂ ನಡೆಯುತ್ತಿತ್ತು. 1989ರಲ್ಲಿ ಕೈಗಾ ಅಣು ಸ್ಥಾವರದ ವಿರುದ್ಧ ದನಿಯೆತ್ತಿದ್ದ ಶಿವರಾಮ ಕಾರಂತರು ಇದೇ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಸಾಹಿತಿಗೆ ಓಟು ಹಾಕಬೇಕೋ ಪಕ್ಷಕ್ಕೋ, ವಿದ್ಯುತ್ತು ಬೇಕೋ ಕಾಡು ಬೇಕೋ ಎಂಬ ಪ್ರಶ್ನೆಗಳು ಚುನಾವಣೆಯ ಜೊತೆಗೆ ಮುಗಿಯಲಿಲ್ಲ. ತದಡಿಗೆ ದೊಡ್ಡ ಯೋಜನೆಗಳ ಪ್ರಸ್ತಾಪ ಬಂದಾಗ ಅವೇ ಪ್ರಶ್ನೆಗಳು ಮತ್ತೆ ಎದ್ದವು. ಹೊನ್ನಾವರದ ಕಾಸರಕೋಡ ಟೊಂಕದ ಬಂದರಿನ ಮಾತು ಬಂದಾಗ ಈಗಲೂ ಏಳುತ್ತವೆ.

ಊರು ಬಿಟ್ಟವರು

ಕಟ್ಟೆಯಲ್ಲಿ ಜಾಗ ಖಾಲಿಯಾದದ್ದು ವಲಸೆಯಿಂದ. ಕುಮಟಾ, ಅಂಕೋಲಾ ಕಡೆಯ ಓದಿದ ಹುಡುಗರ ಮೊದಲ ದಾರಿ ಮುಂಬೈ. ಸಾಹಿತಿಗಳಾದ ಹನೇಹಳ್ಳಿಯ ಯಶವಂತ ಚಿತ್ತಾಲರು, ಗೋಕರ್ಣದ ಜಯಂತ ಕಾಯ್ಕಿಣಿ ಆ ದಾರಿಯಲ್ಲಿ ಹೋದವರೇ. ಭಟ್ಕಳದ ನವಾಯತರಿಗೆ ಅರಬ್ ದೇಶಗಳ ಜೊತೆ ಹಳೆಯ ನಂಟು. ಗಲ್ಫ್‌ನಲ್ಲಿ ತೈಲದ ಹಣ ಹರಿದಾಗ ಅಲ್ಲಿಗೆ ಹೋಗುವವರ ಸಾಲು ಬೆಳೆಯಿತು. ಆಮೇಲೆ ಬೆಂಗಳೂರು ಎಲ್ಲರನ್ನೂ ಸೆಳೆಯಿತು.

ಹೋದವರ ಜೊತೆ ಮಾತು ಇನ್‌ಲ್ಯಾಂಡ್ ಪತ್ರದಲ್ಲಿ ನಡೆಯುತ್ತಿತ್ತು. ಕ್ಷೇಮ ಸಮಾಚಾರ, ಹಣದ ಮಾತು ಮುಗಿದು ಹರಟೆಗೆ ಉಳಿಯುತ್ತಿದ್ದುದು ಅಂಚಿನ ಎರಡು ಬೆರಳಿನ ಜಾಗ. ಮಲಬಾರಿನಲ್ಲಿ ಗಲ್ಫ್ ಮನೆಗಳವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಹೋಗಿ ಬರುವವರ ಕೈಯಲ್ಲಿ ಕಳಿಸುತ್ತಿದ್ದ ಪದ್ಧತಿ ಪ್ರಸಿದ್ಧ. ಓದುಬರಹ ಬಾರದ ತಾಯಿಯೂ ಮಗನಿಗೆ ತಾನೇ ಹೇಳಬಹುದಾದ ಪತ್ರ ಅದು. ಮುಂದೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬಂತು. ದರ ಇಳಿಯುವ ಹೊತ್ತಿಗಾಗಿ ರಾತ್ರಿ ಸರದಿ ನಿಲ್ಲುತ್ತಿದ್ದವರು ಮೀಟರಿನ ಕೆಂಪು ಅಂಕಿ ನೋಡುತ್ತಲೇ ಮಾತಾಡಬೇಕಿತ್ತು. ದುಡ್ಡು ಕೊಟ್ಟು ಆಡುವ ಮಾತಿನಲ್ಲಿ ಮೊದಲು ಕಡಿತವಾದದ್ದೇ ಹರಟೆ. 1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ಸಂಚಾರಕ್ಕೆ ತೆರೆದು ಮುಂಬೈ ಒಂದು ರಾತ್ರಿಯ ದಾರಿಯಾಯಿತು. ಆದರೂ ವರ್ಷಕ್ಕೊಮ್ಮೆ ಬಂದವನಿಗೆ ಕಟ್ಟೆಯ ಮಾತಿನ ಕೊಂಡಿ ಸಿಗುತ್ತಿರಲಿಲ್ಲ. ಯಾರ ಮದುವೆ, ಯಾರ ಜಗಳ, ಯಾವ ಪಂಚಾಯಿತಿ ಸದಸ್ಯ ಪಕ್ಷ ಬದಲಿಸಿದ ಎಂಬುದೆಲ್ಲ ಅವನ ಬೆನ್ನ ಹಿಂದೆ ನಡೆದುಹೋಗಿರುತ್ತಿತ್ತು.

ಅಕ್ಷರದಿಂದ ದನಿಗೆ

2004ರಲ್ಲಿ ಆರ್ಕುಟ್ ಬಂದಾಗ ಕಾಲೇಜು ಹುಡುಗರು ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ಕೂತು ತಮ್ಮೂರಿನವರನ್ನು ಹುಡುಕಿಕೊಂಡರು. ‘ಬರಹ’ ತಂತ್ರಾಂಶ 1998ರಿಂದಲೇ ಇತ್ತಾದರೂ ಕೆಫೆಯ ಕಂಪ್ಯೂಟರಿನಲ್ಲಿ ಅದು ಸಿಗುವ ಭರವಸೆ ಇರಲಿಲ್ಲ. ಹಾಗಾಗಿ ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕುಟ್ಟುತ್ತಿದ್ದರು. 2012ರ ನಂತರದ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಲಿಪಿ ಸರಿಯಾಗಿ ಮೂಡತೊಡಗಿತು. ಆ ಹೊತ್ತಿಗೆ ವಾಟ್ಸ್ಆ್ಯಪ್ ಬಂದಿತ್ತು.

ನಿಜವಾದ ಬದಲಾವಣೆ ತಂದದ್ದು ಎರಡು ಸಂಗತಿ. 2013ರಲ್ಲಿ ವಾಟ್ಸ್ಆ್ಯಪ್ ದನಿ ಸಂದೇಶ ಶುರುಮಾಡಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಅಲ್ಲಿಯವರೆಗೆ ಗ್ರೂಪು ಬರೆಯಬಲ್ಲವರದಾಗಿತ್ತು. ಗುಂಡಿ ಒತ್ತಿ ಹಿಡಿದು ಮಾತಾಡಿದರೆ ಸಾಕು ಎಂದಾಗ ಅದು ಎಲ್ಲರದಾಯಿತು. ತದಡಿ ಬಂದರಿನಿಂದ ಬಂದ ದನಿ ಸಂದೇಶವೊಂದನ್ನು ಕೇಳಿ ನೋಡಿ: ಹಿಂದೆ ಬೋಟಿನ ಇಂಜಿನ್ ಸದ್ದು, ಬಂಗಡೆಯ ದರ ಕೂಗುವ ಹೆಂಗಸರ ದನಿ, ನಡುವೆ ‘ಇವತ್ತು ಮೀನೇ ಇಲ್ಲ ಮಾರಾಯಾ, ನೀವೆಲ್ಲ ಕೋಳಿ ತಿನ್ನಿ’ ಎಂಬ ಗೆಳೆಯನ ಮಾತು, ಆಮೇಲೆ ಅರ್ಧ ಕೊಂಕಣಿಯಲ್ಲಿ ಇನ್ಯಾರಿಗೋ ಕೊಟ್ಟ ಉತ್ತರ. ಪುಸ್ತಕದ ಕನ್ನಡದಲ್ಲಿ ಎಂದೂ ಬರೆಯದ ಮನೆಮಾತುಗಳು ಹೀಗೆ ಏಳು ಕಡಲಾಚೆಗೆ ತಮ್ಮದೇ ರಾಗದಲ್ಲಿ ತಲುಪುತ್ತಿವೆ. ಊರು ಬಿಟ್ಟವನಿಗೆ ಕಟ್ಟೆಯ ಮಾತಿನ ಕೊಂಡಿ ಈಗ ದಿನವೂ ಸಿಗುತ್ತದೆ.

ಸುಳ್ಳು ಹರಡಿದ ದಿನಗಳು

ಇದೇ ಸಲಕರಣೆ ಎಂಥ ಕೇಡು ಮಾಡಬಲ್ಲದು ಎಂಬುದನ್ನೂ ಈ ಕರಾವಳಿ ಕಂಡಿದೆ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಸಾವು ಹೇಗಾಯಿತು ಎಂಬುದರ ಬಗ್ಗೆ ವದಂತಿಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ಗಲಭೆಯಾಯಿತು. ತನಿಖೆ ನಡೆಸಿದ ಸಿಬಿಐ, ಅದು ನೀರಿನಲ್ಲಿ ಮುಳುಗಿ ಆದ ಆಕಸ್ಮಿಕ ಸಾವು ಎಂದು 2022ರಲ್ಲಿ ವರದಿ ಕೊಟ್ಟಿತು. ನಡುವಿನ ವರ್ಷಗಳಲ್ಲಿ ಎಷ್ಟು ಸ್ನೇಹ ಮುರಿದವು, ಎಷ್ಟು ಅಂಗಡಿಗಳಲ್ಲಿ ಗಿರಾಕಿ ಬದಲಾದರು ಎಂಬುದಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ. 2018ರಲ್ಲಿ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. ಮಿತಿ ಬೇಕಾಗಿತ್ತು. ಆದರೆ ಐದು ಕಡೆಗೆ ಕಳಿಸುವ ಕೈಗೂ ವಿವೇಕ ಬೇಕು.

ಆ ದಿನಗಳಲ್ಲಿ ಹರಡಿದ್ದು ಹರಟೆಯಲ್ಲ ಎಂಬುದನ್ನು ನೆನಪಿಡಬೇಕು. ಹರಟೆಗೆ ಹೇಳಿದವರ ಮುಖವಿರುತ್ತದೆ, ‘ನೀ ನೋಡಿದ್ಯಾ?’ ಎಂದು ತಿರುಗಿ ಕೇಳಬಹುದು. ವದಂತಿಗೆ ಮುಖವಿಲ್ಲ. ಎಲ್ಲಿಂದಲೋ ಬಂದು, ಪರಿಚಯದವನ ಹೆಸರಿನಡಿ ಕೂತು, ಅವನ ಮಾತಿನಂತೆ ತೋರುತ್ತದೆ.

ಮುಖವಿರುವ ಮಾತಿನ ಬೆಲೆ ತಿಳಿದದ್ದು ಮಳೆಯಲ್ಲಿ. 2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಒಂದೇ ದಿನ 500 ಮಿಲಿಮೀಟರ್ ಮೀರಿ ಮಳೆ ಸುರಿದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿದ್ದ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿಯೇ ಮಣ್ಣಿನಡಿ ಸೇರಿತು. ಹಲವರು ಪ್ರಾಣ ಕಳೆದುಕೊಂಡರು, ಹೆದ್ದಾರಿ ಬಂದ್ ಆಯಿತು. ಇಂಥ ದಿನಗಳಲ್ಲಿ ಯಾವ ರಸ್ತೆ ತೆರೆದಿದೆ, ಯಾರ ಮನೆ ಗುಡ್ಡದ ಬುಡದಲ್ಲಿದೆ, ಒಬ್ಬಂಟಿ ಇರುವ ಅಜ್ಜಿಯನ್ನು ಕರೆತರಲು ಹತ್ತಿರದವರು ಯಾರು ಎಂಬುದೇ ದೊಡ್ಡ ಪ್ರಶ್ನೆ. ಇದಕ್ಕೆ ಉತ್ತರ ಸಿಗುವುದು ವರ್ಷವಿಡೀ ಮಾತಾಡುತ್ತ ಬಂದ ಗ್ರೂಪಿನಲ್ಲಿ. ಯಾರು ಎಲ್ಲಿದ್ದಾರೆ, ಯಾರ ಹತ್ತಿರ ಜೀಪಿದೆ, ಯಾರ ಮಾತನ್ನು ನಂಬಬಹುದು ಎಂಬುದು ಅಲ್ಲಿ ಮೊದಲೇ ಗೊತ್ತಿರುತ್ತದೆ. ಕ್ರಿಕೆಟ್ಟು, ಮಾವು, ಮದುವೆ ಊಟದ ಮಾತಿನಲ್ಲಿ ಕೂಡಿಟ್ಟ ಪರಿಚಯ ಅದು. ಆಪತ್ತು ಬಂದ ದಿನ ಗ್ರೂಪು ಮಾಡಿದರೆ ಆ ಪರಿಚಯ ಸಿಗುವುದಿಲ್ಲ.

ಉಳಿಸಿಕೊಳ್ಳಬೇಕಾದದ್ದು

ಈಗ ಒಂದು ಗ್ರೂಪಿನಲ್ಲಿ 1024 ಜನ ಇರಬಹುದು. ಬೇಡವಾದವರನ್ನು ತೆಗೆಯಲು ಒಂದು ಬೆರಳು ಸಾಕು. ತಾರಿ ದೋಣಿಗೆ ಇಲ್ಲದಿದ್ದ ಅನುಕೂಲ ಇದು, ದೊಡ್ಡ ಅಪಾಯವೂ ಇದೇ. ಚುನಾವಣೆ ಹತ್ತಿರ ಬಂದಂತೆ ಗ್ರೂಪುಗಳು ಒಡೆಯುತ್ತವೆ. ಒಂದು ಪಕ್ಷದವರದು ಒಂದು, ಇನ್ನೊಂದು ಪಕ್ಷದವರದು ಇನ್ನೊಂದು. ಆಮೇಲೆ ಎರಡರಲ್ಲೂ ಹೌದು ಹೌದು ಎನ್ನುವವರೇ ಉಳಿಯುತ್ತಾರೆ. ಅಲ್ಲಿ ವಾದವೂ ಇಲ್ಲ, ಹರಟೆಯೂ ಇಲ್ಲ, ಬರಿಯ ಘೋಷಣೆ.

ಚೆನ್ನಾಗಿ ನಡೆಯುತ್ತಿರುವ ಗ್ರೂಪುಗಳನ್ನು ನೋಡಿದರೆ ಅವುಗಳ ಹಿಂದೆ ಬರೆಯದ ಕೆಲವು ಕಟ್ಟಳೆಗಳು ಕಾಣುತ್ತವೆ. ಎಲ್ಲಿಂದಲೋ ಬಂದ ವಿಡಿಯೊ ಬೇಡ, ನೀನು ಕಂಡದ್ದು, ಕೇಳಿದ್ದು ಹೇಳು. ಜಾತಿ ಧರ್ಮವನ್ನು ಹೀಯಾಳಿಸುವ ಮಾತು ಬಂದರೆ ಆಡಿದವನ ಜಾತಿ ಧರ್ಮದ ಗೆಳೆಯನೇ ಮೊದಲು ತಡೆಯಲಿ. ಜಗಳವಾದರೆ ಅಡ್ಮಿನ್ ಯಾರನ್ನೂ ಹೊರಹಾಕುವ ಮೊದಲು ಫೋನು ಮಾಡಿ ಮಾತಾಡಲಿ. ಇವು ಕಂಪನಿ ಕಲಿಸಿದವಲ್ಲ. ನದಿ ದಾಟಿಸುತ್ತಿದ್ದವರಿಗೆ, ಕಟ್ಟೆಯ ಹಿರಿಯರಿಗೆ, ತಾಳಮದ್ದಳೆಯ ಕಲಾವಿದರಿಗೆ ಗೊತ್ತಿದ್ದವೇ.

ಹರಟೆಗೆ ಕೆಲಸಕ್ಕೆ ಬಾರದ್ದು ಎಂಬ ಹೆಸರು ಬಂದಿದೆ. ಆದರೆ ನಮ್ಮ ಕರಾವಳಿಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಗೆಳೆಯರು ಯಾವ ಸಭೆಯ ಅಧ್ಯಕ್ಷತೆಯೂ ಇಲ್ಲದೆ ದಿನವೂ ಕೂಡುವ ಜಾಗಗಳು ಕಡಿಮೆಯಾಗುತ್ತಿವೆ. ಹಳೆಯ ಸಹಪಾಠಿಗಳ, ಹಳೆಯ ಕ್ರಿಕೆಟ್ ತಂಡಗಳ, ಒಂದೇ ಓಣಿಯವರ ಗ್ರೂಪುಗಳು ಅಂಥ ಉಳಿದ ಜಾಗಗಳಲ್ಲಿ ಒಂದು. ನಿಮ್ಮ ಗ್ರೂಪಿನಲ್ಲಿ ನಿಮ್ಮ ಓಟಿಗೆ ವಿರುದ್ಧ ಓಟು ಹಾಕುವ ಗೆಳೆಯನೊಬ್ಬ ಇನ್ನೂ ಮಾತಾಡುತ್ತಿದ್ದರೆ ಅವನಿಗೆ ಉತ್ತರ ಕೊಡಿ, ಅವನ ಮನೆಯ ಸುದ್ದಿಯನ್ನೂ ಕೇಳಿ. ಅವನು ಮೌನವಾಗಿದ್ದರೆ ನೀವೇ ಮಾತು ತೆಗೆಯಿರಿ. ಊರನ್ನು ಒಟ್ಟಿಗೆ ಇಡುವ ಕೆಲಸ ಇಲ್ಲಿಂದಲೂ ನಡೆಯುತ್ತದೆ, ಮತ್ತು ಅದು ನಮ್ಮ ಕೈಯಲ್ಲೇ ಇದೆ.