ಆಟದೊಳಗೆ ನಮ್ಮೂರ ಬಸ್ಸನ್ನು ಸೇರಿಸುವ ಕ್ರಮ

ಸೂರತ್ತಿನ ನೇಯ್ಗೆಯನ್ನು ಕಂಡ ವಾಚಕರಿಗೆ ಜಕಾರ್ಡ್ ಮಗ್ಗ ಹೊಸದಲ್ಲ. ಫ್ರಾನ್ಸಿನ ಜಕಾರ್ಡ್ ಎಂಬಾತನು 1804ರಲ್ಲಿ ರೂಪಿಸಿದ ಆ ಏರ್ಪಾಡಿನಲ್ಲಿ ತೂತು ಕೊರೆದ ರಟ್ಟುಗಳ ಸರವನ್ನು ಬದಲಿಸಿದರೆ, ಮಗ್ಗವನ್ನು ಬಿಚ್ಚದೆಯೇ ಬಟ್ಟೆಯ ಮೇಲೆ ಬೇರೆ ಹೂಬಳ್ಳಿ ಮೂಡುತ್ತದೆ. ಈಗಿನ ಹುಡುಗರು ಫೋನಿನಲ್ಲಿ ಆಡುವ ಕೆಲವು ಆಟಗಳೂ ಇದೇ ಬಗೆಯವು. ಆಟದ ಯಂತ್ರ ಇದ್ದಂತೆಯೇ ಇರುತ್ತದೆ. ಅದರೊಳಗೆ ನಾವು ಮಾಡಿದ ಆಕೃತಿಯನ್ನು ಸೇರಿಸಬಹುದು. ಹೀಗೆ ಸೇರಿಸಿದ್ದಕ್ಕೆ ‘ಮಾಡ್’ ಎಂದೂ, ಸೇರಿಸುವ ಸಲಕರಣೆಗೆ ‘ಎಡಿಟರ್’ ಎಂದೂ ಹೆಸರು.

ಇಂಡೊನೇಷ್ಯದ ಮಲೆಯೊ ಕಂಪನಿಯು 2017ರಲ್ಲಿ ಹೊರತಂದ ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯ’ ಇಂಥದೊಂದು ಆಟ. ಅದರ ರಸ್ತೆಗಳು ಆ ದೇಶದವು. ಬಸ್ಸು ಮಾತ್ರ ಯಾವ ಊರಿನದೂ ಆಗಬಹುದು. ಕರ್ನಾಟಕದ ಕೆಂಪು ಬಸ್ಸುಗಳನ್ನು ಉತ್ಸಾಹಿಗಳು ಆಗಲೇ ಅದರಲ್ಲಿ ಓಡಿಸಿದ್ದಾರೆ. ನಮ್ಮ ವಾಚನಾಲಯಕ್ಕೆ ಬರುವ ಹುಡುಗರಿಗೂ ಈ ಆಸೆ ಇರುವುದರಿಂದ, ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸಿದೆ.

ಮೊದಲನೆಯದು ಅಳತೆ. ಬಸ್ಸಿನ ನಾಲ್ಕೂ ಮಗ್ಗುಲಿನ ಚಿತ್ರ ತೆಗೆದುಕೊಂಡು, ಕಂಪ್ಯೂಟರಿನಲ್ಲಿ ‘ಬ್ಲೆಂಡರ್’ ಎಂಬ ತಂತ್ರಾಂಶದಿಂದ ಆಕೃತಿ ಕಟ್ಟಬೇಕು. ಇದು 2002ರಿಂದ ಎಲ್ಲರಿಗೂ ಮುಕ್ತವಾಗಿದೆ, ಕಾಸು ಕೊಡಬೇಕಾಗಿಲ್ಲ. ಒಂದು ಮಾನಕ್ಕೆ ಒಂದು ಮೀಟರ್ ಎಂದು ಹಿಡಿಯತಕ್ಕದ್ದು. ಸೆಂಟಿಮೀಟರಿನ ಲೆಕ್ಕ ಬೆರೆತರೆ ಬಸ್ಸು ನೂರು ಪಟ್ಟು ಹಿಗ್ಗೀತು, ಇಲ್ಲವೇ ನೂರು ಪಟ್ಟು ಕುಗ್ಗೀತು.

ಎರಡನೆಯದು ಮಿತವ್ಯಯ. ಆಕೃತಿಯೆಂದರೆ ಸಣ್ಣ ತ್ರಿಕೋನಗಳ ಜಾಲ. ತ್ರಿಕೋನಗಳು ಹೆಚ್ಚಿದಷ್ಟೂ ಫೋನು ತಿಣುಕುತ್ತದೆ. ಆದುದರಿಂದ ನಟ್ಟು, ಬೋಲ್ಟುಗಳನ್ನು ಕಡೆಯದೆ ಬಣ್ಣದಲ್ಲಿ ಬರೆದರೆ ಸಾಕು. ಗಾಲಿಗಳನ್ನು ಮಾತ್ರ ಬೇರೆ ಬೇರೆಯಾಗಿ ಮಾಡಿ, ಪ್ರತಿಯೊಂದರ ಕೇಂದ್ರಬಿಂದುವನ್ನು ಅಚ್ಚಿನ ನಡುವೆ ಇಡಬೇಕು. ಹಾಗಿಲ್ಲದಿದ್ದರೆ ಗಾಲಿಯು ತನ್ನ ಅಚ್ಚನ್ನು ಬಿಟ್ಟು ಇನ್ನೆಲ್ಲಿಯೋ ಸುತ್ತುತ್ತದೆ.

ಮೂರನೆಯದು ಹೊದಿಕೆ. ಹೊಲಿದ ಅಂಗಿಯ ಹೊಲಿಗೆ ಬಿಚ್ಚಿ ಮೇಜಿನ ಮೇಲೆ ಹರವಿದಂತೆ, ಬಸ್ಸಿನ ಮೈಯನ್ನು ಒಂದು ಚೌಕದ ಮೇಲೆ ಹರವಿ ಬಣ್ಣ ಬರೆಯುತ್ತಾರೆ. ಚೌಕದ ಬದಿ 1024 ಅಥವಾ 2048 ಚುಕ್ಕೆಗಳಿರಲಿ. ಬದಿ ಎರಡರಷ್ಟಾದರೆ ಅದು ನುಂಗುವ ಜಾಗ ನಾಲ್ಕರಷ್ಟಾಗುತ್ತದೆ ಎಂಬುದನ್ನು ಮರೆಯಬಾರದು. ಜಾಗ ಉಳಿಸಲೆಂದು ಎಡಬಲ ಎರಡಕ್ಕೂ ಒಂದೇ ತುಂಡು ಬಳಸಿದರೆ ಒಂದು ಮಗ್ಗುಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗುತ್ತದೆ. ಬರಹವಿರುವ ಭಾಗಕ್ಕೆ ಬೇರೆ ಜಾಗವೇ ಬೇಕು.

ನಮ್ಮವರು ಎಡವುವುದು ಊರಿನ ಫಲಕದಲ್ಲಿ. ಕೆಲವು ಚಿತ್ರ ತಂತ್ರಾಂಶಗಳಿಗೆ ಒತ್ತಕ್ಷರ ಕೂಡಿಸಲು ಬಾರದು. ‘ಹುಬ್ಬಳ್ಳಿ’ಯು ‘ಹುಬ್‌ಬಳ್‌ಳಿ’ ಆಗಿ ನಿಲ್ಲುತ್ತದೆ. ಕನ್ನಡ ಸರಿಯಾಗಿ ಮೂಡುವ ಕಡೆ ಬರೆದು, ಅದನ್ನು ಚಿತ್ರವಾಗಿಸಿ ತಂದು ಅಂಟಿಸುವುದೇ ಉಪಾಯ.

ಕಡೆಯದು ಸೇರ್ಪಡೆ. ಬ್ಲೆಂಡರಿನಲ್ಲಿ ಮೇಲ್ಮುಖದ ಅಕ್ಷ ‘ಝಡ್’. ಈ ಆಟವನ್ನು ಕಟ್ಟಿರುವ ‘ಯೂನಿಟಿ’ ಎಂಬ ಯಂತ್ರದಲ್ಲಿ ‘ವೈ’. ಇದನ್ನು ಹೊಂದಿಸದಿದ್ದರೆ ಬಸ್ಸು ಮಗುಚಿ ಮಲಗುತ್ತದೆ. ಡಿಕ್ಕಿಯ ಲೆಕ್ಕಕ್ಕೆ ಪೂರ್ಣ ಆಕೃತಿ ಬೇಡ, ಸುತ್ತಲೂ ಕಾಣದ ಸರಳ ಪೆಟ್ಟಿಗೆಯೊಂದು ಸಾಕು. ಬಸ್ಸು ಬೆಳ್ಳಗೆ ಕಂಡರೆ ಹೊದಿಕೆಯ ಕಡತ ಜೊತೆಗೆ ಬಂದಿಲ್ಲವೆಂದು ತಿಳಿಯಬಹುದು. ಒಂದೊಂದು ಬದಲಾವಣೆ ಮಾಡಿದಾಗಲೂ ಓಡಿಸಿ ನೋಡಿರಿ; ಹತ್ತು ಒಟ್ಟಿಗೆ ಮಾಡಿದರೆ ಕೆಟ್ಟದ್ದು ಯಾವುದೆಂದು ಗೊತ್ತಾಗುವುದಿಲ್ಲ.

ಪರರು ಶ್ರಮಪಟ್ಟು ಮಾಡಿದ ಆಕೃತಿಯನ್ನು ಒಪ್ಪಿಗೆಯಿಲ್ಲದೆ ತೆಗೆದು ತನ್ನ ಹೆಸರು ಹಾಕಿಕೊಳ್ಳುವುದು ಸಲ್ಲದು.

ಮೈಸೂರು ಸರಕಾರದ ಬಸ್ಸುಗಳು 1948ರಲ್ಲಿ ಹೊರಟು, 1961ರಲ್ಲಿ ನಿಗಮದ ಕೈಗೆ ಬಂದವು. ಹುಬ್ಬಳ್ಳಿಯ ವಾಯವ್ಯ ಸಂಸ್ಥೆ ಬೇರೆಯಾದದ್ದು 1997ರಲ್ಲಿ. ಯಾವ ಬಸ್ಸಿಗೆ ಯಾವ ಹೆಸರು ಬರೆಯಬೇಕೆಂದು ಹುಡುಗನು ಕೇಳಿದಾಗ ಮನೆಯ ಹಿರಿಯರು ಇದನ್ನೆಲ್ಲ ಹೇಳಬೇಕು. ಶಾಲೆಯಲ್ಲಿ ಗುಜರಾತಿ, ಇಂಗ್ಲಿಷು ಕಲಿಯುವ ನಮ್ಮ ಮಕ್ಕಳಿಗೆ ಕನ್ನಡದ ಲಿಪಿ ಬರಿಯ ಉಪದೇಶದಿಂದ ಬಾರದು. ತನ್ನ ಬಸ್ಸಿಗೆ ತಾನೇ ಫಲಕ ಬರೆಯಹೊರಟವನು ಒತ್ತಕ್ಷರ ತಿದ್ದಿಯೇ ತೀರುತ್ತಾನೆ. ಆಟವಷ್ಟೇ ಎಂದು ಗದರಿಸುವ ಮೊದಲು ತಂದೆತಾಯಿಗಳು ಇದನ್ನು ಯೋಚಿಸಬೇಕೆಂದು ವಿನಂತಿ.