ಪದ್ಯ ಕಲಿಸಹೋಗಿ ನಾವು ಕಲಿತದ್ದು

ಮಳೆಗಾಲದ ಲೋಣಾವಳೆಯನ್ನು ನೋಡಲು ಮುಂಬಯಿ, ಪುಣೆಗಳಿಂದ ಜನ ಹಿಂಡುಹಿಂಡಾಗಿ ಬರುತ್ತಾರೆ. ಚಿಕ್ಕಿಯ ಪೊಟ್ಟಣ ಕಟ್ಟಿಸಿಕೊಂಡು ಸಂಜೆಗೆ ತಿರುಗಿ ಹೋಗುತ್ತಾರೆ. ಇಲ್ಲಿಯೇ ಮನೆ ಮಾಡಿಕೊಂಡ ನಮ್ಮಂಥವರ ಪಾಡು ಬೇರೆ. ಜೂನ್‌ನಿಂದ ಸಪ್ಟೆಂಬರಿನ ವರೆಗೆ ಬಟ್ಟೆ ಒಣಗುವುದಿಲ್ಲ, ಮಕ್ಕಳಿಗೆ ಹೊರಗೆ ಆಟವಿಲ್ಲ. ಇಂಥದೊಂದು ಮಳೆಗಾಲದಲ್ಲಿಯೇ ನಾವು ನಾಲ್ಕಾರು ಕನ್ನಡ ಮನೆಯವರು ಕೂಡಿ, ರವಿವಾರ ಮಧ್ಯಾಹ್ನ ನಮ್ಮ ಮಕ್ಕಳಿಗೆ ಕನ್ನಡ ಪದ್ಯ ಹೇಳಿಕೊಡಬೇಕೆಂದು ಹೊರಟೆವು. ಕಲಿಸಹೋದವರೇ ಕಲಿಯಬೇಕಾಗಿ ಬಂದ ಆ ಕಥೆಯನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಮೊದಲನೆಯ ವರ್ಷ ನಮ್ಮದು ಬರೀ ಅವಸರ. ಮಕ್ಕಳು ಓದುವುದು ಮರಾಠಿ ಇಲ್ಲವೆ ಇಂಗ್ಲಿಷ್ ಶಾಲೆಯಲ್ಲಿ; ಮನೆಯಲ್ಲಿ ಆಡುವ ಕನ್ನಡ ಊಟ, ಸ್ನಾನ, ಬೈಗುಳ ಇಷ್ಟಕ್ಕೆ ಸಾಕಾಗುವಷ್ಟು. ನವೆಂಬರ 1ರ ರಾಜ್ಯೋತ್ಸವ ಸಮೀಪಿಸಿತ್ತು. ಕನ್ನಡ ಅಕ್ಷರ ಕಲಿಸುತ್ತ ಕೂತರೆ ಕಾರ್ಯಕ್ರಮ ಆಗುವುದೆಂದು? ದೊಡ್ಡ ಕವಿಗಳ ದೊಡ್ಡ ಪದ್ಯಗಳನ್ನೇ ಆರಿಸಿ, ದೇವನಾಗರಿಯಲ್ಲಿ ಬರೆದುಕೊಟ್ಟು ಬಾಯಿಪಾಠ ಮಾಡಿಸಿದೆವು. ಒಂಬತ್ತು ವರ್ಷದ ಹುಡುಗಿಯೊಬ್ಬಳು ಒಂದಕ್ಷರ ತಪ್ಪದೆ ಹೇಳಿ ಚಪ್ಪಾಳೆ ಗಿಟ್ಟಿಸಿದಳು. ಬೆಳಗಾವಿಯ ಕಡೆಯ ಅವಳ ಅಜ್ಜಿ ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, 'ಭಾಳ ಚಂದ ಹೇಳಿದಿ ಬಿಡವ್ವಾ. ಏನು ಹೇಳಿದಿ ಅದು?' ಎಂದು ಕೇಳಿದರು. ಹುಡುಗಿ ನಮ್ಮ ಮುಖ ನೋಡಿದಳು. ನಾವು ಚಹದ ವ್ಯವಸ್ಥೆ ನೋಡಲು ಹೋದೆವು.

ದೇವನಾಗರಿಯ ಉಪಾಯದಲ್ಲಿ ಇನ್ನೊಂದು ಕುತ್ತು ಇತ್ತು. ಅದು ನಮಗೆ ತಡವಾಗಿ ಹೊಳೆಯಿತು. ಆ ಲಿಪಿಯ ವಾಡಿಕೆಯಲ್ಲಿ ಹ್ರಸ್ವ 'ಎ', ಹ್ರಸ್ವ 'ಒ' ಇಲ್ಲ. ಮಗು 'ಹೊಳೆ'ಯನ್ನು 'ಹೋಳೇ' ಎನ್ನುತ್ತದೆ, 'ಕೆರೆ'ಯನ್ನು 'ಕೇರೇ' ಎನ್ನುತ್ತದೆ. ಮಾತಿನಲ್ಲಾದರೆ ನಕ್ಕು ಬಿಡಬಹುದು. ಪದ್ಯದಲ್ಲಿ ಲಘುವೆಲ್ಲ ಗುರುವಾಗಿ ನಡೆಯೇ ಕುಂಟುತ್ತದೆ. ಇನ್ನು 'ಳ'ಕಾರಕ್ಕೆ ನಮ್ಮ ಮಕ್ಕಳಿಗೆ ಕಷ್ಟವೇ ಇಲ್ಲ, ಅವರ ಊರಿನ ಹೆಸರಿನಲ್ಲಿಯೇ ಅದು ಕುಳಿತಿದೆ. ಎರಡೂ ಲಿಪಿಗಳ ವರ್ಣಮಾಲೆಯ ಕ್ರಮ ಹೆಚ್ಚುಕಡಿಮೆ ಒಂದೇ ಆದುದರಿಂದ ಮರಾಠಿ ಬಲ್ಲ ಮಗುವಿಗೆ ಕನ್ನಡ ಅಕ್ಷರ ಹೊರೆಯಲ್ಲ. ಹೊರೆಯೆಂದು ತಿಳಿದವರು ನಾವು.

ಎರಡನೆಯ ವರ್ಷ ಅದೇ ಅಜ್ಜಿ ನಮ್ಮನ್ನು ದಾರಿಗೆ ಹಚ್ಚಿದರು. ಮೊಮ್ಮಗಳೊಡನೆ ಬಂದು ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂಡುತ್ತಿದ್ದರು. ಒಂದು ದಿನ ಕರೆಂಟು ಹೋಗಿ ಪಾಠ ನಿಂತಾಗ, ತಮ್ಮಷ್ಟಕ್ಕೆ ತಾವೇ ಬೀಸುವ ಪದವೊಂದನ್ನು ಗುನುಗಿದರು. ಇಂಥವು ಎಷ್ಟು ಬರುತ್ತವೆ ಎಂದು ಕೇಳಿದರೆ, 'ಅವೇನು ಪದ್ಯ ಅಲ್ಲ ತಗೀರಿ, ಜ್ವಾಳ ಬೀಸೂ ಮುಂದ ಹೇಳೂವು' ಎಂದರು. ನಾವು ಡಿಗ್ರಿ ಪಡೆದವರು ಬಾಯಿ ಮುಚ್ಚಿ ಕೂತೆವು.

ಅವರು ಹಾಡಿದ್ದು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು 1,300 ವರ್ಷಗಳ ಹಿಂದೆ ಕಲ್ಲಿಗೆ ಇಳಿದ ಛಂದಸ್ಸು, ಸರ್ವಜ್ಞನ ಛಂದಸ್ಸು. ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದಾಗ ಪಂಡಿತರೂ ಬೆರಗಾದ ಮಟ್ಟು. ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವೆಲ್ಲ ವಿಷ್ಣುಗಣ. ಈ ಲೆಕ್ಕವನ್ನು ಮಕ್ಕಳಿಗೆ ನಾವು ಹೇಳಲಿಲ್ಲ. ಬೀಸುಕಲ್ಲಿನ ಗೂಟ ಹಿಡಿದಂತೆ ಕೈ ತಿರುಗಿಸುತ್ತ ಹಾಡಿಸಿದೆವು. ಆರನೆಯ ಗಣದಲ್ಲಿ ಕೈ ತಾನಾಗಿ ಚಿಕ್ಕ ಸುತ್ತು ಹೊಡೆಯಿತು. ಲೆಕ್ಕ ಆಮೇಲೆ ಬಂದರೆ ಸಾಕು. ದೊಡ್ಡ ಹುಡುಗರು ತಾವಾಗಿಯೇ ಕೇಳಿದರು.

ಮಾವಳದ ಈ ನೆಲಕ್ಕೂ ಬೀಸುಕಲ್ಲಿನ ಹಾಡು ಹೊಸದಲ್ಲ. ಮರಾಠಿ ತಾಯಂದಿರ ಓವಿ ಇದರ ಅಕ್ಕನೋ ತಂಗಿಯೋ. ಪುಣೆಯ ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವಾ ಅವರ ಬಳಗ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಇಂಥ 1 ಲಕ್ಷಕ್ಕೂ ಮಿಕ್ಕಿ ಹಾಡುಗಳನ್ನು ಸಂಗ್ರಹಿಸಿದೆ. ನೆರೆಮನೆಯ ಮರಾಠಿ ಅಜ್ಜಿಯೊಬ್ಬರನ್ನು ಕರೆದು ಓವಿ ಹಾಡಿಸಿದೆವು. ಇಬ್ಬರು ಅಜ್ಜಿಯರಿಗೂ ತವರುಮನೆಯ ವಿಷಯವೇ ಬಹಳ. ಮಕ್ಕಳು ಒಂದು ವ್ಯತ್ಯಾಸವನ್ನು ಕಿವಿಯಿಂದಲೇ ಹಿಡಿದರು. ಓವಿಯಲ್ಲಿ ಪ್ರಾಸ ಸಾಲಿನ ಕೊನೆಗೆ. ತ್ರಿಪದಿಯಲ್ಲಿ ಸಾಲಿನ ಎರಡನೆಯ ಅಕ್ಷರದಲ್ಲಿ. ಇಂಗ್ಲಿಷ್ ಶಿಶುಗೀತೆ ಕೇಳಿ ಬೆಳೆದ ಕಿವಿಗೆ ಇದು ವಿಚಿತ್ರವೆನಿಸಿ, ಎರಡು ವಾರ 'ಎರಡನೇ ಅಕ್ಷರದ ಆಟ' ನಡೆಯಿತು: ಮಳಿ, ಹೊಳಿ, ಎಳಿ, ಒಳಗ.

ಆಟ ಬೆಳೆದು ಪದವಾಯಿತು. ಎಲ್ಲರೂ ಸೇರಿ ಕಟ್ಟಿದ ಮೊದಲನೆಯದು ಇದು:

ಮಳಿ ಬಂದು ಘಾಟ್ಯಾಗ ಬೆಳಕೆಲ್ಲ ಮುಚ್ಚೇತಿ
ಹೊಳಿಯಾಗಿ ಅಂಗಳ ಹರದೇತಿ | ನಮ್ಮಜ್ಜಿ
ಒಳಗಿಂದ ಕರದು ಬೈತಾಳ

ಇದು ಪುಸ್ತಕದ ಕನ್ನಡವಲ್ಲ. ಮೊದಲನೆಯ ವರ್ಷವಾಗಿದ್ದರೆ ನಾವು 'ಮುಚ್ಚೇತಿ'ಯನ್ನು 'ಮುಚ್ಚಿದೆ' ಎಂದು ತಿದ್ದಿ, ಪದವನ್ನೂ ಹುರುಪನ್ನೂ ಒಟ್ಟಿಗೆ ಕೆಡಿಸುತ್ತಿದ್ದೆವು. ಅಡಿಗೆಮನೆಯ ಕನ್ನಡವೆಂದು ಹೀನಾಯವಾಗಿ ಕಾಣುತ್ತಿದ್ದ ಬಂಡವಾಳವೇ ಪದ್ಯಕ್ಕೆ ಒದಗಿತು. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಧಾರವಾಡದ ಆಡುಮಾತಿನಲ್ಲಿ ಎಂಥ ಕಾವ್ಯ ಕಟ್ಟಿದರೆಂದು ಆಗ ಹೇಳಿದೆವು. ಮಕ್ಕಳು ನಂಬಿದರು.

ಸಾರಾಂಶ ಬರೆಯಿಸುವುದನ್ನೂ ಬಿಟ್ಟೆವು. ಪದ್ಯ ಓದಿಯಾದ ಮೇಲೆ ಒಂದೇ ಪ್ರಶ್ನೆ: ಯಾವ ಮಾತು ತೆಗೆದರೆ ಇದು ಕೆಡುತ್ತದೆ? ನಮ್ಮ ಪದದಲ್ಲಿ 'ಬೈತಾಳ' ತೆಗೆಯಬಾರದೆಂದು ಎಲ್ಲರೂ ಒಪ್ಪಿದರು, ಅಜ್ಜಿಯೊಬ್ಬರನ್ನು ಬಿಟ್ಟು.

ಮಳೆ ಬಿಟ್ಟಾಗ ಮಕ್ಕಳನ್ನು ಸಮೀಪದ ಕಾರ್ಲೆಯ ಗುಹೆಗೆ ಕರೆದೊಯ್ದೆವು. ವೈಜಯಂತಿಯ ಭೂತಪಾಲನೆಂಬ ಶ್ರೇಷ್ಠಿ ಜಂಬೂದ್ವೀಪದಲ್ಲಿಯೇ ಉತ್ತಮವಾದ ಈ ಶಿಲಾಗೃಹವನ್ನು ಪೂರೈಸಿದನೆಂದು ಅಲ್ಲಿಯ ಪ್ರಾಕೃತ ಶಾಸನ ಹೇಳುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂದು ವಿದ್ವಾಂಸರ ಮತ. ಆ ಸೆಟ್ಟರ ನಂತರ ಸುಮಾರು ಒಂಬತ್ತು ಶತಮಾನ ಕಳೆದ ಮೇಲೆ, ಪಂಪಕವಿ ಬನವಾಸಿಗಾಗಿ ಹಂಬಲಿಸಿ ಹಾಡಿದ. ಕಂಬಗಳ ನಡುವೆ ನಿಂತು ಆ ಪದ್ಯವನ್ನು ಓದಿದೆವು. ಹಳಗನ್ನಡ ಎಷ್ಟು ತಿಳಿಯಿತೋ ಕಾಣೆವು. ಸಣ್ಣ ಹುಡುಗನೊಬ್ಬ, 'ಸೆಟ್ಟರು ಆಮ್ಯಾಲೆ ಊರಿಗೆ ಹೋದರೇನು?' ಎಂದು ಕೇಳಿದ. ಶಾಸನದಲ್ಲಿ ಬರೆದಿಲ್ಲವೆಂದೆವು.

ಹೋದ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ಅವರಿಂದ ಬರೆದುಕೊಂಡದ್ದು ಒಂದು ನೋಟುಬುಕ್ಕಿನ ಅರ್ಧ ಮಾತ್ರ. ಮೊದಲನೆಯ ವರ್ಷ ಕೇಳಿದ್ದರೆ ಪೂರ್ತಿ ತುಂಬುತ್ತಿತ್ತು. ಉಳಿದ ಅರ್ಧದಲ್ಲಿ ಮೊಮ್ಮಗಳು ಈಗ ಕನ್ನಡ ಅಕ್ಷರದಲ್ಲಿಯೇ ತನ್ನ ಪದಗಳನ್ನು ಬರೆಯುತ್ತಿದ್ದಾಳೆ. ಯಾರ ಮನೆಯಲ್ಲಿಯಾದರೂ ಬೀಸುವ ಪದ ಬಲ್ಲ ಹಿರಿಯರಿದ್ದರೆ, ದಯವಿಟ್ಟು ಈ ರವಿವಾರವೇ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿರಿ. ನಮಗೂ ಒಂದು ಪ್ರತಿ ಕಳುಹಿಸಿರಿ.