ಐವತ್ತು ಬೈಟಿನ ಪೂರ್ವಜ

ಮೊಬೈಲಿನಲ್ಲಿ ‘ಹುಟ್ಟುಹಬ್ಬದ ಶುಭಾಶಯಗಳು’ ಎಂದು ಟೈಪ್ ಮಾಡಿ. ಯುಟಿಎಫ್-8 ಲೆಕ್ಕದಲ್ಲಿ ಈ ಎರಡು ಪದ ತಿನ್ನುವ ಜಾಗ 61 ಬೈಟ್. ಯಾರ ಹುಟ್ಟುಹಬ್ಬ ಅಂತ ಇನ್ನೂ ಹೇಳಿಯೇ ಇಲ್ಲ! ಕೋಸ್ಟರಿಕಾದ ಮಳೆಕಾಡುಗಳಲ್ಲಿ ಅಲೆದಿದ್ದ ಪರಿಸರ ವಿಜ್ಞಾನಿ, ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಟಾಮ್ ರೇ 1990ರ ಜನವರಿಯಲ್ಲಿ ಕಂಪ್ಯೂಟರಿನೊಳಗೆ ಒಂದು ಜೀವಿಯನ್ನು ಬಿಟ್ಟರು. ಅದರ ಮೈಯಲ್ಲಿದ್ದದ್ದು 80 ಆದೇಶ. ಒಂದೊಂದಕ್ಕೆ 5 ಬಿಟ್, ಒಟ್ಟು 400 ಬಿಟ್, ಅಂದರೆ ಬರೀ 50 ಬೈಟ್. ಶುಭಾಶಯಕ್ಕಿಂತ 11 ಬೈಟ್ ಕಡಿಮೆ! ತನ್ನ ಉದ್ದ ತಾನೇ ಅಳೆದು, ಪಕ್ಕದಲ್ಲಿ ಜಾಗ ಹಿಡಿದು, ತನ್ನ ಪ್ರತಿ ತೆಗೆದು, ಮರಿಯನ್ನು ಬೇರೆ ಇಡುವ ಇಡೀ ಸಂಸಾರ ಅಷ್ಟರಲ್ಲೇ ಮುಗಿದಿತ್ತು.

ಆ ಜೀವಿಗೆ ಸಿಕ್ಕ ಪ್ರಪಂಚದ ಹೆಸರು ಟಿಯೆರಾ, ವಿಸ್ತಾರ 60,000 ಆದೇಶ. ಮೈಗೆ ಮೈ ತಾಗಿಸಿ ನಿಂತರೆ 750 ಪೂರ್ವಜರು ಹಿಡಿಸುತ್ತಾರೆ, 751ನೆಯವನಿಗೆ ಜಾಗವಿಲ್ಲ. ಬೈಟಿನಲ್ಲಿ ಹೇಳುವುದಾದರೆ 37,500. ಇವತ್ತಿನ 128 ಜಿಬಿ ಫೋನಿನಲ್ಲಿ ಇಂಥ 34 ಲಕ್ಷ ಭೂಮಂಡಲಗಳನ್ನು ತುಂಬಬಹುದು.

ಪ್ರತಿ ತೆಗೆಯುವಾಗ ಆಗೊಮ್ಮೆ ಈಗೊಮ್ಮೆ ತಪ್ಪಾಗಲಿ ಎಂದು ರೇ ಮೊದಲೇ ಏರ್ಪಾಡು ಮಾಡಿದ್ದರು. ಮಿಕ್ಕದ್ದನ್ನು ತಪ್ಪುಗಳೇ ನೋಡಿಕೊಂಡವು. 45 ಆದೇಶದ ಪರಾವಲಂಬಿಗಳು ಹುಟ್ಟಿದವು. ಪ್ರತಿ ತೆಗೆಯುವ ಭಾಗವೇ ಇಲ್ಲದ ಸೋಮಾರಿಗಳು, ಪಕ್ಕದವನ ಆದೇಶಗಳನ್ನು ಓದಿಸಿಕೊಂಡು ತಮ್ಮ ವಂಶ ಬೆಳೆಸಿಕೊಂಡವು. ಆಮೇಲೆ ಪರಾವಲಂಬಿಗಳನ್ನೇ ದೋಚುವವು ಬಂದವು. ಯಾರ ಹಂಗೂ ಇಲ್ಲದೆ ಮರಿ ಹಾಕುವ 22 ಆದೇಶದ ಚೋಟು ಜೀವಿಯೂ ಬಂತು. 22 ಆದೇಶ ಎಂದರೆ 110 ಬಿಟ್, 14 ಬೈಟೂ ತುಂಬುವುದಿಲ್ಲ. ‘ಕನ್ನಡ’ ಎಂದು ಬರೆಯಲು 15 ಬೇಕು!

ಪೂರ್ವಜನಿಗೆ ಒಂದು ಮರಿ ಹಾಕಲು 839 ಆದೇಶಗಳನ್ನು ನಡೆಸಬೇಕಿತ್ತು, ಚೋಟುವಿಗೆ 146 ಸಾಕು. ರೇ ಬಳಸಿದ ಅಂದಿನ ಲ್ಯಾಪ್‌ಟಾಪ್ ಗಂಟೆಗೆ ಸುಮಾರು 1 ಕೋಟಿ 20 ಲಕ್ಷ ಆದೇಶಗಳನ್ನು ನಡೆಸುತ್ತಿತ್ತು. ಭಾಗಾಕಾರ ಮಾಡಿ ನೋಡಿ: ಪೂರ್ವಜರಷ್ಟೇ ಇದ್ದರೂ ಸೆಕೆಂಡಿಗೆ ಸುಮಾರು 4 ಹೆರಿಗೆ. ಇಡೀ ಭೂಮಿಯ ಮೇಲೆ ಮನುಷ್ಯರ ಮಕ್ಕಳು ಹುಟ್ಟುವುದೂ ಹೆಚ್ಚುಕಡಿಮೆ ಸೆಕೆಂಡಿಗೆ ನಾಲ್ಕೇ! ಮನುಕುಲದ ಸಮಸ್ತ ಹೆರಿಗೆ ಆಸ್ಪತ್ರೆಗಳಿಗೆ ಒಂದು ಲ್ಯಾಪ್‌ಟಾಪ್ ಸರಿಸಾಟಿ. ಚೋಟುಗಳೇ ತುಂಬಿದ್ದರೆ? ಸೆಕೆಂಡಿಗೆ 22 ದಾಟುತ್ತದೆ.

ಇದು ಬರೀ ಪೀಠಿಕೆ. 1993ರಲ್ಲಿ ಕ್ಯಾಲ್‌ಟೆಕ್‌ನಲ್ಲಿ ಟಿಯೆರಾದಂಥದೇ ಇನ್ನೊಂದು ಕಂಪ್ಯೂಟರ್ ಪ್ರಪಂಚ, ‘ಅವಿಡಾ’ ಹುಟ್ಟಿತು. 2003ರಲ್ಲಿ ರಿಚರ್ಡ್ ಲೆನ್ಸ್ಕಿ, ಚಾರ್ಲ್ಸ್ ಒಫ್ರಿಯಾ, ರಾಬರ್ಟ್ ಪೆನ್ನಾಕ್, ಕ್ರಿಸ್ ಅಡಾಮಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪ್ರಯೋಗದಲ್ಲಿ ಒಂದಲ್ಲ, 50 ಪ್ರಪಂಚ. ಪ್ರತಿಯೊಂದರಲ್ಲೂ 3,600 ಜೀವಿಗಳು. ಗುರಿ: ಎರಡು ಸಂಖ್ಯೆಗಳನ್ನು ಬಿಟ್‌ಗೆ ಬಿಟ್ ಹೋಲಿಸಿ ಎಲ್ಲೆಲ್ಲಿ ಸಮ ಎಂದು ಹೇಳುವುದು. ಇದನ್ನು ಮಾಡಿದವರಿಗೆ ದೊಡ್ಡ ಬಹುಮಾನ, ಇದಕ್ಕಿಂತ ಸರಳವಾದ 8 ಲೆಕ್ಕಗಳಿಗೆ ಚಿಕ್ಕ ಚಿಕ್ಕ ಬಹುಮಾನ. ಒಂದೊಂದು ಪ್ರಪಂಚವೂ ಸರಾಸರಿ 1 ಕೋಟಿ 22 ಲಕ್ಷ ಬಗೆಯ ಜೀವಿಗಳನ್ನು ಹುಟ್ಟಿಸಿ ನೋಡಿತು. ಐವತ್ತೂ ಸೇರಿದರೆ 61 ಕೋಟಿ. 23 ಪ್ರಪಂಚಗಳು ಗೆದ್ದವು.

ಚಿಕ್ಕ ಬಹುಮಾನಗಳನ್ನು ಕಿತ್ತುಕೊಂಡು ಇನ್ನೊಂದು 50 ಪ್ರಪಂಚಗಳನ್ನು ಓಡಿಸಿದರು. ಇವು ಇನ್ನೂ ಚುರುಕು: ಸರಾಸರಿ 2 ಕೋಟಿ 15 ಲಕ್ಷ ಬಗೆ, ಒಟ್ಟು 107 ಕೋಟಿ 50 ಲಕ್ಷ. ಗೆದ್ದದ್ದು ಎಷ್ಟು? ಸೊನ್ನೆ. ನನ್ನನ್ನು ಕೇಳಿದರೆ ಇಡೀ ಲೇಖನದಲ್ಲಿ ಬೆಚ್ಚಿಬೀಳಿಸುವ ಅಂಕಿ ಇದೇ.

ಅಥವಾ ಇದಿರಬಹುದು. ಅವಿಡಾದ ಆದೇಶಗಳು 26 ಬಗೆ, ಅಲ್ಲಿನ ಪೂರ್ವಜನ ಉದ್ದ 50. ಅಷ್ಟೇ ಉದ್ದದ ಜೀವಿಗಳನ್ನು ಎಷ್ಟು ರೀತಿಯಲ್ಲಿ ಬರೆಯಬಹುದು? 56 ಬರೆದು ಮುಂದೆ 69 ಸೊನ್ನೆ ಹಾಕಿ. ಕೋಟಿಯನ್ನು ಕೋಟಿಯಿಂದ ಗುಣಿಸಿ, ಹಾಗೆ ಹತ್ತು ಕೋಟಿಗಳನ್ನು ಸಾಲಾಗಿ ಗುಣಿಸಿದರೂ ಅದರ ಐದನೆಯ ಒಂದು ಭಾಗ ಮುಟ್ಟುವುದಿಲ್ಲ. ಸೂರ್ಯನ ಒಂದೊಂದು ಪರಮಾಣುವಿಗೂ ಒಂದೊಂದು ಜೀವಿಯನ್ನು ಹಂಚುತ್ತಾ ಹೋದರೆ ಸೂರ್ಯ ಸಾಲುವುದಿಲ್ಲ. ಕ್ಷೀರಪಥದ ಎಲ್ಲ ನಕ್ಷತ್ರಗಳನ್ನೂ ಸೂರ್ಯನಷ್ಟೇ ಎಂದು ಎಣಿಸಿದರೂ ಒಂದು ಕ್ಷೀರಪಥ ಸಾಲುವುದಿಲ್ಲ, ನೂರಕ್ಕೂ ಹೆಚ್ಚು ಬೇಕು!

ಅಷ್ಟು ದೊಡ್ಡ ಕಾಡಿನಲ್ಲಿ ಗೆದ್ದ ಒಂದು ವಂಶದ ಜಾಡನ್ನು ವಿಜ್ಞಾನಿಗಳು ಮರಿಯಿಂದ ತಾಯಿಗೆ, ತಾಯಿಯಿಂದ ಅಜ್ಜಿಗೆ, ಮೊದಲ ಪೂರ್ವಜನವರೆಗೂ ಹಿಡಿದು ನೋಡಿದರು. ದಾರಿಯಲ್ಲಿದ್ದ ಬದಲಾವಣೆಯ ಹೆಜ್ಜೆಗಳು 111. ಅದರಲ್ಲೂ 18 ಹೆಜ್ಜೆಗಳು ಮರಿಯನ್ನು ತಾಯಿಗಿಂತ ಕೈಲಾಗದ್ದನ್ನಾಗಿ ಮಾಡಿದ್ದವು.